ಕೆರೆಯ ಹೂಳು ಹೊಲಕ್ಕೆ ಬರುತ್ತದೆ, ನೆನಪಿರಲಿ

ಅಮೀನಗಡ, ಹುನಗುಂದ, ಇಳಕಲ್ಲ ಸುತ್ತಲಿನ ತರುಣ ರೈತರೇ, ಗಣೇಶೋತ್ಸವಕ್ಕೆ ಪಟ್ಟಿ ಎತ್ತುವ ಹುಡುಗರೇ, ನಿಮಗೆಲ್ಲ ಸೇರಿಸಿ ಒಂದು ಮಾತು ಹೇಳಬೇಕಿದೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳು ಹೇರಿ ಹೊಲಕ್ಕೆ ಹಾಕುವುದು ಹಿರಿಯರು ಹಾಕಿಕೊಟ್ಟ ರೂಢಿ. ಕೆರೆಯೂ ಆಳವಾಗುತ್ತದೆ, ಹೊಲಕ್ಕೂ ಕಸುವು ಬರುತ್ತದೆ. ಈ ರೂಢಿ ಬಿಡಬೇಡಿ. ಆದರೆ ಹಿಂದೆ ಹೂಳು ಎಂದರೆ ಮಳೆ ತೊಳೆದು ತಂದ ಮೇಲ್ಮಣ್ಣು, ತರಗೆಲೆ, ಸಗಣಿ ಅಷ್ಟೇ. ಈಗ ಊರ ಕೆರೆಗಳಿಗೆ ಬಣ್ಣದ ಮೂರ್ತಿ, ಹಳೆಯ ಬ್ಯಾಟರಿ, ಒಡೆದ ಟ್ಯೂಬ್‌ಲೈಟು, ಗ್ಯಾರೇಜಿನ ಎಣ್ಣೆ, ಚರಂಡಿ ನೀರು ಎಲ್ಲವೂ ಸೇರುತ್ತವೆ. ಇವುಗಳ ಜೊತೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸದಂಥ ಭಾರಲೋಹಗಳೂ ಇಳಿಯುತ್ತವೆ.

ಸಗಣಿ ಕೊಳೆತು ಗೊಬ್ಬರವಾಗುತ್ತದೆ. ಸೀಸ ಕೊಳೆಯುವುದಿಲ್ಲ. ಅದು ಜೇಡಿಯ ನುಣ್ಣನೆಯ ಕಣಗಳಿಗೆ ಅಂಟಿಕೊಂಡು ತಳ ಸೇರುತ್ತದೆ. ಹಾಗಾಗಿ ನೀರು ತಿಳಿಯಾಗಿ ಕಂಡರೂ ತಳ ಕೆಟ್ಟಿರಬಹುದು. ಸುಮಾರು 2000 ವರ್ಷಗಳ ಹಿಂದೆ ರೋಮನ್ನರ ಕಾಲದಲ್ಲಿ ಗಣಿ, ಕುಲುಮೆಗಳಿಂದ ಗಾಳಿಗೆ ಹಾರಿದ ಸೀಸ ಸ್ವೀಡನ್ನಿನ ಕೆರೆಗಳ ಹೂಳಿನಲ್ಲಿ ಇವತ್ತಿಗೂ ಸಿಗುತ್ತದೆ. ಕೊಳಚೆ ತುಂಬಿ ಕೆರೆಯ ತಳದಲ್ಲಿ ಆಮ್ಲಜನಕ ಇಂಗಿದರೆ, ಇಲ್ಲವೇ ಹೂಳು ಕದಡಿದರೆ, ಕೂತಿದ್ದ ಲೋಹ ಒಂದಿಷ್ಟು ಮತ್ತೆ ನೀರಿಗೆ ಏಳಬಹುದು. ಅದೇ ನೀರು ಕುರಿ, ದನಗಳು ಕುಡಿಯುವುದು. ಹೂಳನ್ನು ಹೊಲಕ್ಕೆ ಹಾಕಿದರೆ ಅದರಲ್ಲಿನ ಕ್ಯಾಡ್ಮಿಯಂ ಸೊಪ್ಪು ತರಕಾರಿಗೆ ಸುಲಭವಾಗಿ ಏರುತ್ತದೆ. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ಹಾನಿ. ಮಗುವಿನ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳಿನಲ್ಲಿ ಭಾರಲೋಹ ಸೇರಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆ ಕಡಲ ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ಹೊಟ್ಟೆ ಸೇರಿತು. ಅದರಿಂದ ಬಂದ ರೋಗ ಗೊತ್ತಾದದ್ದು 1956ರಲ್ಲಿ. ಕೊಲ್ಲಿಯ ತಳದ ಕೆಸರು ತೆಗೆದು ಮುಚ್ಚುವ ಕೆಲಸ 1977ರಲ್ಲಿ ಶುರುವಾಗಿ ಮುಗಿದದ್ದು 1990ಕ್ಕೆ. ಹಾಕುವುದು ಸುಲಭ, ತೆಗೆಯುವುದು ತಲೆಮಾರಿನ ಕೆಲಸ. ನಮ್ಮ ಊರುಗಳು ಇನ್ನೂ ಅಲ್ಲಿಯವರೆಗೆ ಹೋಗಿಲ್ಲ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಗಣಪತಿ ಮಣ್ಣಿನದೇ ಇರಲಿ, ಬಣ್ಣ ಬಳಿಯದ್ದೇ ಇರಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಯನ್ನು ಕೆರೆಗೆ ಬಿಡುವುದಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲೇ ತಡೆ ಹಾಕಿದೆ. ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಸೀಸದ್ದೇ. ಅದನ್ನು ಮಾರಿದ ಅಂಗಡಿಗೇ ಮರಳಿಸಿ, ಮನೆ ಹಿಂದೆ ಒಡೆಯಬೇಡಿ. ನೂಲಿಗೆ ಬಣ್ಣ ಹಾಕುವವರೇ, ಕೆಲವು ಬಣ್ಣಗಳಲ್ಲಿ ಕ್ರೋಮಿಯಂ, ತಾಮ್ರ ಇರುತ್ತವೆ. ಬಣ್ಣದ ನೀರು ಹಳ್ಳಕ್ಕೆ ಹರಿಯದಂತೆ ನೋಡಿಕೊಳ್ಳಿ.

ಹೂಳು ಹೇರುವ ಮೊದಲು ಕೆರೆಯನ್ನೊಮ್ಮೆ ಸುತ್ತಿ ಬನ್ನಿ. ಹೊಲಗಳ ನೀರಷ್ಟೇ ಬರುವ ಕೆರೆಯಾದರೆ ಚಿಂತೆ ಕಡಿಮೆ. ಚರಂಡಿ ಬಂದು ಬೀಳುವ ಬಾಯಿ, ಮೂರ್ತಿ ಬಿಡುವ ದಂಡೆ, ಕಸ ಸುರಿಯುವ ಮೂಲೆ, ಇಲ್ಲಿನ ಹೂಳನ್ನು ಪರೀಕ್ಷೆಯಾಗದೆ ಮುಟ್ಟಬೇಡಿ, ಅದರಲ್ಲೂ ಕಾಯಿಪಲ್ಲೆ ಹೊಲಕ್ಕೆ ಹಾಕಲೇಬೇಡಿ. ಮಣ್ಣು ಆರೋಗ್ಯ ಚೀಟಿ ಇದೆಯಲ್ಲ ಎನ್ನಬೇಡಿ. ಅದು ನೋಡುವುದು ಸಾರಜನಕ, ರಂಜಕ, ಸತುವಿನಂಥ 12 ಅಂಶಗಳನ್ನು. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಇವುಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಒಬ್ಬ ರೈತನಿಗೆ ಖರ್ಚು ಭಾರವಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಹೂಳೆತ್ತುವ ಕಾಮಗಾರಿಗೆ ಹಣ ಇಡುವವರು ಹೂಳಿನ ಪರೀಕ್ಷೆಗೂ ಇಡಲಿ.

ಕೆರೆಗೆ ಏನು ಹಾಕುತ್ತೇವೋ ಅದು ತಿರುಗಿ ನಮ್ಮ ಗಂಗಾಳಕ್ಕೇ ಬರುತ್ತದೆ. ಈ ವರ್ಷದ ಗಣೇಶ ಚೌತಿಯಿಂದಲೇ ಶುರು ಮಾಡಿ.