ಮೂವತ್ತು ಕಿವಿಗಳ ದೂರದರ್ಶಕ



ನಕ್ಷತ್ರಗಳಿಂದ ಬೆಳಕು ಮಾತ್ರ ಬರುವುದಿಲ್ಲ. ಆಕಾಶದಿಂದ ರೇಡಿಯೋ ಅಲೆಗಳೂ ಬರುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ. ಅವನ್ನು ಹಿಡಿಯುವ ಯಂತ್ರವೇ ರೇಡಿಯೋ ದೂರದರ್ಶಕ. ಸೂರ್ಯನ ರೇಡಿಯೋ ಅಲೆಗಳನ್ನು ನಮ್ಮ ರಾಜ್ಯದ ಗೌರಿಬಿದನೂರಿನ ಹತ್ತಿರವೂ ಅಭ್ಯಾಸ ಮಾಡುತ್ತಾರೆ.

ಮಹಾರಾಷ್ಟ್ರದ ಪುಣೆ ಜಿಲ್ಲೆಯಲ್ಲಿ ಖೋಡದ್ ಎಂಬ ಹಳ್ಳಿ ಇದೆ. ಅಲ್ಲಿ ಜಿ.ಎಂ.ಆರ್.ಟಿ. ಎಂಬ ದೊಡ್ಡ ದೂರದರ್ಶಕವಿದೆ. ಗೋವಿಂದ ಸ್ವರೂಪ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಅದನ್ನು ಕಟ್ಟಿದರು. ಅದರಲ್ಲಿ 30 ಡಿಶ್‌ಗಳಿವೆ. ಒಂದೊಂದರ ಅಗಲ 45 ಮೀಟರ್! ಡಿಶ್ ತುಂಬ ತಗಡು ಇಲ್ಲ, ತಂತಿ ಬಲೆ ಇದೆ. ಗಾಳಿ ಅದರೊಳಗೆ ಹಾದು ಹೋಗುತ್ತದೆ. ರೇಡಿಯೋ ಅಲೆ ಬಲೆಯ ಕಿಂಡಿಗಿಂತ ಬಹಳ ಉದ್ದ, ಆದ್ದರಿಂದ ಸೋರುವುದಿಲ್ಲ. 14 ಡಿಶ್‌ಗಳು ಹತ್ತಿರ ಹತ್ತಿರ ಇವೆ. ಉಳಿದ 16 ಮೂರು ದಿಕ್ಕಿಗೆ ಹರಡಿವೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 25 ಕಿಲೋಮೀಟರ್.

"30 ಯಾಕೆ ಸಾರ್? ಒಂದೇ ದೊಡ್ಡದು ಕಟ್ಟಬಾರದಿತ್ತಾ?" ಅಂತ ನಾನು ಕೇಳಿದೆ.

"25 ಕಿಲೋಮೀಟರ್ ಅಗಲದ ಡಿಶ್ಶಿಗೆ ಎಷ್ಟು ಊರು ಎಬ್ಬಿಸಬೇಕು? ಅದನ್ನ ತಿರುಗಿಸೋರು ಯಾರೋ?" ಅಂದರು ಮೇಷ್ಟ್ರು. ಆಮೇಲೆ ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ನನ್ನ ಕಣ್ಣು ಕಟ್ಟಿ ಒಂದು ಕಿವಿ ಮುಚ್ಚಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ನಾನು ತಪ್ಪು ಕಡೆಗೆ ಕೈ ತೋರಿಸಿದೆ. ಎಲ್ಲರೂ ನಕ್ಕರು. ಎರಡೂ ಕಿವಿ ಬಿಟ್ಟಾಗ ಸರಿಯಾಗಿ ತೋರಿಸಿದೆ. ಶಬ್ದ ಎರಡು ಕಿವಿಗೂ ಒಂದೇ ಕ್ಷಣಕ್ಕೆ ತಲುಪುವುದಿಲ್ಲ. ಆ ವ್ಯತ್ಯಾಸದಿಂದ ದಿಕ್ಕು ತಿಳಿಯುತ್ತದೆ.

ಹೆಚ್ಚು ಕಡಿಮೆ ಹೀಗೇ, 30 ಡಿಶ್‌ಗಳಿಗೆ ಅಲೆ ಬಂದ ಹೊತ್ತಿನ ವ್ಯತ್ಯಾಸವನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಗ ಅವೆಲ್ಲ ಸೇರಿ 25 ಕಿಲೋಮೀಟರಿನ ಒಂದೇ ಡಿಶ್ಶಿನ ಹಾಗೆ ಸೂಕ್ಷ್ಮವಾಗಿ ನೋಡುತ್ತವೆ. ಆದರೆ ಅಲೆ ಹಿಡಿಯುವ ಶಕ್ತಿ 30 ಡಿಶ್ಶಿನಷ್ಟೇ.

ನಮ್ಮ ಮನೆಯಲ್ಲಿ ರೇಡಿಯೋ ವಾರ್ತೆ ಬರುವಾಗ ಅಮ್ಮ ಮಿಕ್ಸಿ ಹಾಕಿದರೆ ಗರ್ ಅನ್ನುತ್ತೆ, ಏನೂ ಕೇಳಿಸಲ್ಲ. ಆಕಾಶದ ಅಲೆ ಅದಕ್ಕಿಂತ ಎಷ್ಟೋ ಕ್ಷೀಣ. ಮೊಬೈಲು, ಮೋಟಾರುಗಳಿಂದ ಅದಕ್ಕೆ ತೊಂದರೆ. ಅದಕ್ಕೇ ದೊಡ್ಡ ಪಟ್ಟಣ ಬಿಟ್ಟು ಹಳ್ಳಿಯ ಕಡೆ ಜಾಗ ಹುಡುಕಿದರು. ಎಷ್ಟು ದೊಡ್ಡ ಕಿವಿ ಇದ್ದರೂ ಸುತ್ತ ಗದ್ದಲವಿದ್ದರೆ ಏನು ಪ್ರಯೋಜನ?

ಚಪ್ಪಾಳೆಯ ಪ್ರಯೋಗ ನೀವೂ ಮಾಡಿ ನೋಡಿ.

— 7ನೇ ತರಗತಿ