ಸಮಾಂತರ ರೇಖೆಗಳು ಮತ್ತು ಛೇದಕ: ಕೋನ ಸಂಬಂಧಗಳು

1. ಎರಡು ಸಮಾಂತರ ರೇಖೆ + ಒಂದು ಛೇದಕ = 8 ಕೋನಗಳು.

2. ಅನುರೂಪ ಕೋನಗಳು (4 ಜೋಡಿ): ಸಮ.

3. ಪರ್ಯಾಯ ಒಳಕೋನಗಳು (2 ಜೋಡಿ): ಸಮ.

4. ಛೇದಕದ ಒಂದೇ ಬದಿಯ ಒಳಕೋನಗಳು (2 ಜೋಡಿ): ಮೊತ್ತ 180°. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಇಲ್ಲೇ; ಇವನ್ನೂ ಸಮ ಎಂದು ಬರೆಯುತ್ತಾರೆ.
ಮಾದರಿ: ಅನುಪಾತ 2:3 ಇದ್ದರೆ? 180 ÷ 5 = 36; ಕೋನಗಳು 72°, 108°.

5. ಪೂರಕ 90°, ಪರಿಪೂರಕ 180°. ಅದಲುಬದಲು ಮಾಡಬೇಡಿ.

6. ಸಾಧನೆ: ಅನುರೂಪ ಕೋನಗಳು ಸಮ ಎಂಬುದನ್ನು ಆಧಾರವಾಗಿ ಒಪ್ಪಿದರೆ, ಶೃಂಗಾಭಿಮುಖ ಕೋನಗಳ ಸಮತೆ ಸೇರಿಸಿ ಪರ್ಯಾಯ ಕೋನಗಳ ಪ್ರಮೇಯ ಎರಡೇ ಹೆಜ್ಜೆಯಲ್ಲಿ ಸಿಗುತ್ತದೆ. ಸರಳಯುಗ್ಮ ಬಳಸಿದರೆ 4ನೇ ಅಂಶ.

7. ವಿಲೋಮ ಬೇರೆ, ಮೂಲ ಬೇರೆ! ಯೂಕ್ಲಿಡ್‌ನ ‘ಎಲಿಮೆಂಟ್ಸ್’ 1ನೇ ಸಂಪುಟ:
• ಪ್ರಮೇಯ 27: ಪರ್ಯಾಯ ಕೋನ ಸಮವಾದರೆ ರೇಖೆಗಳು ಸಮಾಂತರ.
• ಪ್ರಮೇಯ 29: ರೇಖೆಗಳು ಸಮಾಂತರವಾದರೆ ಪರ್ಯಾಯ ಕೋನ ಸಮ. ಐದನೇ ಆಧಾರ ಪ್ರತಿಜ್ಞೆ ಮೊದಲು ಬಳಕೆಯಾಗುವುದು ಇಲ್ಲಿ.