ಧುಮುಕುವವರನ್ನು ಹೊತ್ತೊಯ್ಯುವ ವಿಮಾನ

ಆಕಾಶದಿಂದ ಧುಮುಕುವ ಕ್ರೀಡೆಯ ಮಾತು ಬಂದೊಡನೆ ಪ್ಯಾರಾಷೂಟು ಬಿಚ್ಚಿಕೊಳ್ಳುವುದೋ ಇಲ್ಲವೋ ಎಂಬ ಚಿಂತೆಯೇ ಮುಂದೆ ನಿಲ್ಲುತ್ತದೆ. ಅದಕ್ಕೆ ತಕ್ಕ ಏರ್ಪಾಡೂ ಉಂಟು. ಅಮೆರಿಕದಲ್ಲಿ ಧುಮುಕುವವರು ಮೀಸಲು ಪ್ಯಾರಾಷೂಟೊಂದನ್ನು ಧರಿಸಿರಲೇಬೇಕು. ಕೃತಕ ನೂಲಿನದಾದರೆ ಅದನ್ನು ಪರವಾನಗಿಯುಳ್ಳ ತಜ್ಞರು 180 ದಿನಗಳೊಳಗೆ ಮಡಚಿಟ್ಟಿರಬೇಕು. ವಿಮಾನವನ್ನಾದರೋ ಅವರು ಕೇವಲ ನಂಬುಗೆಯ ಮೇಲೆ ಏರುತ್ತಾರೆ.

ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ 2008ರ ವರದಿಯಂತೆ, 1980ರಿಂದ ಅಲ್ಲಿಯವರೆಗೆ ಇಂಥ ವಿಮಾನಗಳ 32 ಅಪಘಾತಗಳಲ್ಲಿ 172 ಜನರು ಅಸುನೀಗಿದ್ದರು. ವಿಮಾನಗಳ ಪಾಲನೆಯಲ್ಲಿನ ಕೊರತೆ, ತೂಕದ ಲೆಕ್ಕಾಚಾರದಂಥ ಮೂಲಭೂತ ಕೆಲಸಗಳಲ್ಲಿ ಪೈಲಟರ ಅಲಕ್ಷ್ಯ, ಸರ್ಕಾರದ ಸಾಲದ ಮೇಲ್ವಿಚಾರಣೆ - ಮಂಡಳಿ ಬೊಟ್ಟುಮಾಡಿದ್ದು ಇವುಗಳತ್ತ.

1992ರ ಏಪ್ರಿಲ್ 22ರಂದು ಕ್ಯಾಲಿಫೋರ್ನಿಯದ ಪೆರಿಸ್ ಕಣಿವೆಯಲ್ಲಿ ನಡೆದ ದುರಂತವನ್ನೇ ನೋಡಬಹುದು. ಇಂಧನದಲ್ಲಿ ನೀರು ಬೆರೆತಿತ್ತು. ನೀರು ಇಂಧನಕ್ಕಿಂತ ಭಾರವಾದುದರಿಂದ ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಹಾರುವ ಮುನ್ನ ತಳದಿಂದ ಸ್ವಲ್ಪ ಬಸಿದು ನೋಡಿದರೆ ಕಾಣುತ್ತದೆ. ಆ ಕೆಲಸ ಸರಿಯಾಗಿ ನಡೆದಿರಲಿಲ್ಲ. ಮೇಲೇರುವಾಗ ಒಂದು ಎಂಜಿನ್ ಸೋತಿತು. ಗಲಿಬಿಲಿಯಲ್ಲಿ ಪೈಲಟ್ ಸುಸ್ಥಿತಿಯಲ್ಲಿದ್ದ ಎಂಜಿನ್ನಿನ ಪ್ರೊಪೆಲರನ್ನೇ ನಿಷ್ಕ್ರಿಯಗೊಳಿಸಿದನು. ವಿಮಾನದಲ್ಲಿದ್ದ 22 ಮಂದಿಯಲ್ಲಿ 16 ಮಂದಿ ಮಡಿದರು. ಆ ವಿಮಾನದಲ್ಲಿ ಅವನಿಗೆ ಸಾಕಷ್ಟು ತರಬೇತಿ ಕೊಡಿಸದಿದ್ದುದು ಸಂಚಾಲಕರ ಲೋಪವೆಂದು ಮಂಡಳಿ ಹೇಳಿತು.

ಈ ವ್ಯವಹಾರದಲ್ಲಿ ವಿಮಾನ ನೆಲದ ಮೇಲಿರುವಷ್ಟು ಹೊತ್ತೂ ವರಮಾನವಿಲ್ಲ. ತಪಾಸಣೆಯ ಹತ್ತು ನಿಮಿಷ ಆದ್ದರಿಂದಲೇ ದುಬಾರಿಯಾಗಿ ತೋರುತ್ತದೆ. ತಿಜೋರಿಗೆ ಎರಡು ಬೀಗದ ಕೈ ಇಡುವುದು ಖಜಾಂಚಿಯ ಮೇಲಿನ ಅಪನಂಬಿಕೆಯಿಂದಲ್ಲವಷ್ಟೆ! ಪೈಲಟನ ಕೆಲಸವನ್ನು ಇನ್ನೊಬ್ಬರು ನೋಡುವುದೂ ಅಂಥದೇ ಪದ್ಧತಿ. “ಈ ದಿನ ಹಾರುವುದಿಲ್ಲ” ಎಂದ ಪೈಲಟನಿಗೆ ಕೆಲಸ ಹೋಗುವ ಭಯವಿರುವಲ್ಲಿ ನಿಯಮಗಳು ಕಾಗದದ ಮೇಲೆಯೇ ಉಳಿಯುತ್ತವೆ.

2016ರಲ್ಲಿ ಕ್ಯಾಲಿಫೋರ್ನಿಯದ ಬೈರನ್‌ನಲ್ಲಿ ಒಂದು ವಿಮಾನ ಗಿರಕಿ ಹೊಡೆದು ಬಾಲದ ಭಾಗವನ್ನು ಕಳೆದುಕೊಂಡಿತು. ಅದರಲ್ಲಿದ್ದವರು ಧುಮುಕಿ ಪಾರಾದರು, ಪೈಲಟ್ ಅದನ್ನು ಇಳಿಸಿದನು. ಮುಂದೆ ವಿಮಾನ ಹವಾಯಿಯಲ್ಲಿ ಹಾರಾಟಕ್ಕೆ ಬಂತು. ಅದರ ಎಡರೆಕ್ಕೆಯಲ್ಲಿ ಉಳಿದಿದ್ದ ತಿರುಚನ್ನು ಯಾರೂ ಸರಿಪಡಿಸಿರಲಿಲ್ಲ. 2019ರ ಜೂನ್ 21ರ ಸಂಜೆ ಪೈಲಟ್ ಅದನ್ನು ನೆಲಬಿಟ್ಟೊಡನೆ ರಭಸದಿಂದ ವಾಲಿಸಿ ಏರಿಸಲು ಹೋದನು. ತಿರುಚಿದ ರೆಕ್ಕೆ ಬೇಗನೆ ಆಧಾರ ಕಳೆದುಕೊಂಡಿತು, ಚೇತರಿಸಿಕೊಳ್ಳುವಷ್ಟು ಎತ್ತರವಿರಲಿಲ್ಲ. 11 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.